ನಲ್ಲಿ ನೀರಿಗೆ ನನ್ನ ತಮ್ಮ ಕೊಟ್ಟ ತೀರ್ಪು

ನನ್ನ ತಮ್ಮ ತೀರಿಕೊಂಡ ಸುದ್ದಿಯನ್ನು ನನಗೆ ತಂದವನು ಕ್ಷೌರಿಕ. ಬೆಳಗಿನ ಪ್ರಾರ್ಥನೆ ಮುಗಿಸಿ ಏಳುವ ಹೊತ್ತಿಗೆ ಬಾಗಿಲಲ್ಲಿ ನಿಂತಿದ್ದ. ಹೆಗಲ ಮೇಲೆ ಒದ್ದೆ ಟವೆಲ್ಲು, ಬೆರಳುಗಳಲ್ಲಿ ಇನ್ನೂ ಸೋಪಿನ ನೊರೆ.

"ಅಮ್ಮ, ಸ್ವಲ್ಪ ಕೂತ್ಕೊಳ್ಳಿ," ಎಂದ.

ನಾನು ಕೂರಲಿಲ್ಲ. ನನ್ನ ವಯಸ್ಸಿನವರಿಗೆ ಯಾರಾದರೂ ಬಂದು ಕೂತುಕೊಳ್ಳಿ ಎಂದರೆ ಮುಂದಿನ ಮಾತು ಏನೆಂದು ಗೊತ್ತಿರುತ್ತದೆ.

"ಕುರ್ಚೀಲಿ ಕೂತಿದ್ರು. ಒಂದು ಕೆನ್ನೆ ಮುಗಿದಿತ್ತು. ಈ ಕಡೆ ತಿರುಗಿ ಸಾರ್ ಅಂದೆ. ತಿರುಗಲಿಲ್ಲ. ನಿದ್ದೆ ಬಂದಿರಬೇಕು ಅಂದ್ಕೊಂಡು ಮತ್ತೆ ಅಂದೆ." ಅವನು ಟವೆಲ್ಲಿನಿಂದ ಕೈ ಒರೆಸಿಕೊಂಡ. "ಆ ಇನ್ನೊಂದು ಕೆನ್ನೇನೂ ಮುಗಿಸಿಯೇ ಬಂದೆ ಅಮ್ಮ. ಹಾಗೇ ಬಿಡೋಕೆ ಮನಸ್ಸು ಬರಲಿಲ್ಲ."

ಭಗವಂತ ಆ ಕ್ಷೌರಿಕನಿಗೆ ಒಳ್ಳೆಯದು ಮಾಡಲಿ.

ಮಧ್ಯಾಹ್ನದ ಹೊತ್ತಿಗೆ ಮನೆ ತುಂಬಿತು. ಕಟ್ಟಡದವರೆಲ್ಲ ಬಂದರು. ಮೊದಲ ಮಹಡಿಯ ದರ್ಜಿ ಮೂಲೆಯಲ್ಲಿ ನಿಂತು ಅಳುತ್ತಿದ್ದವನು ಪಕ್ಕದವರ ಕಿವಿಯಲ್ಲಿ "ಆ ನೀರಿನ ವಿಷಯ ನೆನಪಿದೆಯಾ" ಎಂದ. ಅಷ್ಟೇ. ಇಬ್ಬರೂ ಕರವಸ್ತ್ರವನ್ನು ಬಾಯಿಗೆ ಒತ್ತಿಕೊಂಡರು, ಭುಜಗಳು ಅಲುಗತೊಡಗಿದವು. ಅದು ಒಬ್ಬರಿಂದ ಒಬ್ಬರಿಗೆ ಹರಡಿ, ಕಟ್ಟಡದ ಸಂಘದ ಅಧ್ಯಕ್ಷರಂಥ ಗಂಭೀರ ಮನುಷ್ಯರೂ ಕನ್ನಡಕ ತೆಗೆದು ಗೋಡೆಗೆ ಮುಖ ಮಾಡಿ ನಿಂತರು. ದೂರದಿಂದ ಬಂದಿದ್ದ ನೆಂಟರೊಬ್ಬರು ನನ್ನನ್ನು ಕೇಳಿಯೇಬಿಟ್ಟರು: "ಇದೇನಮ್ಮ, ಸಾವಿನ ಮನೇಲಿ ನಗ್ತಾರೆ?"

"ಅಳ್ತಾ ಇದ್ದಾರೆ," ಎಂದೆ. "ನನ್ನ ತಮ್ಮನಿಗೆ ಅಳೋದು ಹಾಗೇ."

ಅವರಿಗೆ ವಿವರಿಸಲು ಅದು ಸಮಯವಾಗಿರಲಿಲ್ಲ. ಆದ್ದರಿಂದ ಈಗ ಬರೆಯುತ್ತಿದ್ದೇನೆ.

ನನ್ನ ತಮ್ಮನನ್ನು ಕಟ್ಟಡದವರೆಲ್ಲ ಮೂಗಿನ ಮಾವ ಎಂದೇ ಕರೆಯುತ್ತಿದ್ದರು. ಚಹಾ ಗೋದಾಮಿನಲ್ಲಿ ಎಲೆಯನ್ನು ಮೂಸಿ ದರ್ಜೆ ಹೇಳುವುದು ಅವನ ಉದ್ಯೋಗವಾಗಿತ್ತು. ನಿವೃತ್ತನಾದ ಮೇಲೆ ಆ ಮೂಗು ಸಾರ್ವಜನಿಕ ಸೇವೆಗೆ ಬಂತು. ಹಾಲು ಹಳಸಿದೆಯೋ, ಎಣ್ಣೆ ಕಮಟಿದೆಯೋ, ಗ್ಯಾಸ್ ಸೋರುತ್ತಿದೆಯೋ, ಎಲ್ಲದಕ್ಕೂ ಜನ ಅವನ ಬಾಗಿಲು ತಟ್ಟುತ್ತಿದ್ದರು. ಅವನು ಕಣ್ಣು ಮುಚ್ಚಿ, ತಲೆಯನ್ನು ಸ್ವಲ್ಪ ಓರೆ ಮಾಡಿ, ಗಿಡ್ಡ ಗಿಡ್ಡವಾಗಿ ಉಸಿರೆಳೆದು, ಸ್ವಲ್ಪ ಹೊತ್ತು ಸುಮ್ಮನಿದ್ದು ತೀರ್ಪು ಕೊಡುತ್ತಿದ್ದ. ಅದಕ್ಕೆ ಮೇಲ್ಮನವಿ ಇರಲಿಲ್ಲ. ಕಟ್ಟಡದಲ್ಲಿ ಒಂದು ಕಟ್ಟುಪಾಡೂ ಬೆಳೆದಿತ್ತು. ಅವನಿಗಿಂತ ಮೊದಲು ಮೂಸುವುದು ಉದ್ಧಟತನ, ಅವನ ನಂತರ ಮೂಸುವುದು ಅವಮಾನ.

ಈ ಕಥೆ ನಡೆಯುವ ಹೊತ್ತಿಗೆ ಆ ಮೂಗು ಸತ್ತು ಎರಡು ವರ್ಷವಾಗಿತ್ತು. ಒಂದು ಕೆಟ್ಟ ಜ್ವರ ಬಂದು ಹೋಗುವಾಗ ಅವನ ವಾಸನೆಯ ಶಕ್ತಿಯನ್ನು ಪೂರ್ತಿ ಕೊಂಡೊಯ್ದಿತ್ತು. ಅದು ಗೊತ್ತಿದ್ದದ್ದು ಅವನಿಗೆ ಮತ್ತು ದೇವರಿಗೆ. ಹೆಂಡತಿಗೂ ಹೇಳಿರಲಿಲ್ಲ. ಹೇಗೆ ನಿಭಾಯಿಸುತ್ತಿದ್ದನೆಂದರೆ, ಪಾತ್ರೆಯನ್ನು ನೋಡುತ್ತಿರಲಿಲ್ಲ, ಪಾತ್ರೆ ತಂದವರ ಮುಖ ನೋಡುತ್ತಿದ್ದ. ಮುಖ ಕಿವುಚಿದ್ದರೆ "ಕೆಟ್ಟಿದೆ", ಅರಳಿದ್ದರೆ "ಚೆನ್ನಾಗಿದೆ". ಮನುಷ್ಯರ ಮುಖ ಸುಳ್ಳು ಹೇಳುವುದು ಅಪರೂಪ. ಹೀಗಾಗಿ ಎರಡು ವರ್ಷ ಅವನ ತೀರ್ಪು ಒಂದೂ ತಪ್ಪಾಗಿರಲಿಲ್ಲ. ಮುಚ್ಚಿದ ಕಣ್ಣಿನ ಸಂದಿಯಿಂದ ಇಣುಕುತ್ತಿದ್ದ ಎಂಬುದನ್ನು ಯಾರು ತಾನೇ ಊಹಿಸಿಯಾರು?

ನಮ್ಮ ಕಟ್ಟಡದಲ್ಲಿ ಎಡಗಡೆಯ ಮನೆಗಳಿಗೊಂದು, ಬಲಗಡೆಯ ಮನೆಗಳಿಗೊಂದು ನೀರಿನ ಪೈಪು, ಎರಡೂ ಕಟ್ಟಡದಷ್ಟೇ ಹಳೆಯವು. ಬೆಳಿಗ್ಗೆ ನಲ್ಲಿ ತಿರುಗಿಸಿದರೆ ಮೊದಲು ಒಂದು ಕೆಮ್ಮು, ಆಮೇಲೆ ತುಕ್ಕಿನ ಕೆಂಪು ನೀರು. ಗೋಡೆಗಳನ್ನೆಲ್ಲ ಒಡೆದು ಹೊಸ ಪೈಪು ಹಾಕುವುದು ಯಾರಿಗೂ ಬೇಕಿರಲಿಲ್ಲ. ಆಗ ಒಬ್ಬ ಗುತ್ತಿಗೆದಾರ ಬಂದ. ಗೋಡೆ ಮುಟ್ಟದೆ ಪೈಪಿನ ಒಳಗಡೆಗೇ ಹೊಸ ಲೇಪ ಕೊಡುತ್ತೇನೆ ಎಂದ. ಮೊದಲು ಪೈಪನ್ನು ಒಣಗಿಸಿ, ಮರಳು ಊದಿ ತುಕ್ಕು ಕೆರೆಯುವುದು. ಆಮೇಲೆ ಎರಡು ಡಬ್ಬಿಗಳ ಮಿಶ್ರಣ, ಒಂದರಲ್ಲಿ ಅಂಟು, ಇನ್ನೊಂದರಲ್ಲಿ ಅದನ್ನು ಗಟ್ಟಿಮಾಡುವ ದ್ರಾವಣ, ಎರಡನ್ನೂ ಅಳತೆಯಲ್ಲಿ ಬೆರೆಸಿ ಗಾಳಿಯ ಒತ್ತಡದಿಂದ ಒಳಗೆ ಕಳಿಸುವುದು. ಕೊನೆಗೆ ಬಿಸಿಗಾಳಿ ಬಿಟ್ಟು ಅದು ಗಾಜಿನಂತೆ ಗಟ್ಟಿಯಾಗುವವರೆಗೆ ಕಾಯುವುದು.

"ಗಟ್ಟಿಯಾದ್ರೆ ಭಯ ಇಲ್ಲ," ಎಂದಿದ್ದ ಆತ. "ಹಸಿಯಾಗಿ ಉಳಿದ್ರೆ ಮಾತ್ರ ಅದರ ಕೆಮಿಕಲ್ ನೀರಿಗೆ ಬಿಡುತ್ತೆ."

ಕೆಲಸ ನಡೆದಷ್ಟು ದಿನ ನಾವು ಬೀದಿಗೆ ಬರುವ ಟ್ಯಾಂಕರಿನಿಂದ ನೀರು ಹೊತ್ತೆವು. ಲಿಫ್ಟಿಲ್ಲದ ಕಟ್ಟಡ. ನೀರು ಹೊತ್ತು ಹತ್ತುವವರ ಬಾಯಲ್ಲಿ ಬಂದ ಮಾತುಗಳನ್ನು ನಾನು ಇಲ್ಲಿ ಬರೆಯಲಾರೆ. ಕೆಲಸ ಮುಗಿದ ದಿನ ನೀರಿನ ಇಲಾಖೆಯ ಪರೀಕ್ಷಕಿ ಬಂದಳು. ಚಿಕ್ಕ ವಯಸ್ಸಿನ, ಕಡಿಮೆ ಮಾತಿನ ಹುಡುಗಿ. ಗಾಜಿನ ಬಾಟಲಿಗಳಲ್ಲಿ ನೀರು ಹಿಡಿದು ತಂಪುಪೆಟ್ಟಿಗೆಗೆ ಹಾಕಿಕೊಂಡಳು.

"ರಿಪೋರ್ಟ್ ಬರೋವರೆಗೆ ಕುಡಿಯೋ ಹಾಗಿಲ್ಲ, ಅಡುಗೆಗೂ ಬೇಡ. ಕುದಿಸಿ ಕುಡಿತೀವಿ ಅನ್ನಬೇಡಿ, ಇದು ಕ್ರಿಮಿ ಅಲ್ಲ, ಕುದಿಸಿದ್ರೆ ಸಾಯಲ್ಲ," ಎಂದು ಹೇಳಿ, ಅದನ್ನೇ ಒಂದು ಹಾಳೆಯಲ್ಲಿ ಬರೆದು ಮುಂಬಾಗಿಲಿಗೆ ಅಂಟಿಸಿ ಹೋದಳು.

ಆ ಹಾಳೆಯ ಮೇಲೆಯೇ ಅಧ್ಯಕ್ಷರು ಮಾರನೆಯ ದಿನ ಇನ್ನೊಂದು ಹಾಳೆ ಅಂಟಿಸಿದರು: "ನೀರಿನ ಬಗ್ಗೆ ತುರ್ತು ಸಭೆ."

ಸಭೆ ಪಂಪಿನ ಕೋಣೆಯ ಮುಂದೆ ಸೇರಿತು. ಅಧ್ಯಕ್ಷರು ನಿವೃತ್ತ ಹೆಡ್‌ಮಾಸ್ಟರು. ಎದುರಿಗೆ ಯಾರು ನಿಂತರೂ ಹೋಂವರ್ಕ್ ಮಾಡಿಲ್ಲವೆಂಬ ಹಾಗೆ ನೋಡುವವರು.

"ಕೆಲಸ ಸರಿಯಾಗಿ ಆಗಿದೆಯೋ ಇಲ್ಲವೋ?" ಎಂದು ಗುತ್ತಿಗೆದಾರನನ್ನು ಕೇಳಿದರು.

"ಎಡಗಡೆ ಪೈಪು ಚೆನ್ನಾಗಾಗಿದೆ ಸಾರ್. ಬಲಗಡೆದಕ್ಕೆ ಬಿಸಿಗಾಳಿ ಬಿಡುವಾಗ ಕರೆಂಟ್ ಹೋಯ್ತು. ಆಮೇಲೆ ಬಂತು. ಆದ್ರೂ ರಿಪೋರ್ಟ್ ಬರೋವರೆಗೆ ಕಾಯೋದು ಒಳ್ಳೇದು."

"ಕಾಯೋದು ಅಂದ್ರೆ ಬಕೆಟ್ ಹೊರೋದು. ಹಸಿ ಇದ್ರೆ ವಾಸನೆ ಬರುತ್ತೆ ತಾನೆ? ಮೂಸಿ ನೋಡಿ ಹೇಳಪ್ಪ."

"ನನ್ನ ಮೂಗು ಹೋಗಿ ಎಷ್ಟೋ ಕಾಲ ಆಯ್ತು ಸಾರ್. ಈ ಕೆಲಸ ಮಾಡೋರ ಮೂಗೆಲ್ಲ ಹೀಗೇ. ನನ್ನ ಹೆಂಡತಿ ಅಡುಗೆ ಸೀಯಿಸಿದ್ರೂ ನಂಗೆ ಗೊತ್ತಾಗಲ್ಲ. ಅದಕ್ಕೇ ನಮ್ಮ ಸಂಸಾರ ಚೆನ್ನಾಗಿದೆ."

ಎಲ್ಲರೂ ನಕ್ಕರು. ಎಲ್ಲರಿಗಿಂತ ಜೋರಾಗಿ ನಕ್ಕವನು ನನ್ನ ತಮ್ಮ. ಆ ನಗು ಇನ್ನೂ ಮುಗಿದಿರಲಿಲ್ಲ, ಅಷ್ಟರಲ್ಲಿ ಎಲ್ಲರ ಕಣ್ಣು ಅವನ ಕಡೆ ತಿರುಗಿತು.

"ಮೂಗು ಇಲ್ಲೇ ಇಟ್ಕೊಂಡು ಊರೆಲ್ಲ ಹುಡುಕ್ತಾ ಇದ್ದೀವಲ್ಲ," ಎಂದ ದರ್ಜಿ.

ನಾನು ಹಿಂದಿನಿಂದ ಹೇಳಿದೆ: "ಆ ಹುಡುಗಿ ಬೇಡ ಅಂತ ಹೇಳಿ ಹೋಗಿದ್ದಾಳಲ್ಲ." ಅಧ್ಯಕ್ಷರು ನನ್ನನ್ನು ಕೊನೆಯ ಬೆಂಚಿನ ವಿದ್ಯಾರ್ಥಿಯನ್ನು ನೋಡುವಂತೆ ನೋಡಿದರು. "ಅಕ್ಕಾವ್ರೇ, ಆ ಹುಡುಗಿ ಹುಟ್ಟೋ ಮುಂಚೆಯಿಂದ ಈ ಮೂಗು ಕೆಲಸ ಮಾಡ್ತಾ ಇದೆ."

ಅಧ್ಯಕ್ಷರೇ ಬಲಗಡೆಯ ನಲ್ಲಿಯಿಂದ ಒಂದು ಲೋಟ ನೀರು ಹಿಡಿದು ತಂದರು. ಕಟ್ಟುಪಾಡಿನಂತೆ ತೋಳನ್ನು ಪೂರ್ತಿ ಚಾಚಿ, ತಮ್ಮ ಮೂಗಿಗೆ ಅದರ ಗಾಳಿಯೂ ತಾಗದ ಹಾಗೆ, ಎರಡೂ ಕೈಯಲ್ಲಿ ಕೊಟ್ಟರು. ಆ ದಿನ ಅವರು ಎರಡು ಸಲ ಮಹಡಿಗೆ ಬಕೆಟ್ ಹೊತ್ತಿದ್ದರು. ಅವರ ಮುಖ ಆಸೆಯಿಂದ ಅರಳಿತ್ತು. ಅವರ ಹಿಂದಿದ್ದ ಅಷ್ಟೂ ಮುಖಗಳೂ ಅರಳಿದ್ದವು. ನನ್ನ ತಮ್ಮ ಕಣ್ಣು ಮುಚ್ಚಿದ, ತಲೆ ಓರೆ ಮಾಡಿದ, ಉಸಿರೆಳೆದ, ಸುಮ್ಮನಾದ.

"ಶುದ್ಧ," ಎಂದ.

ವಾಲ್ವು ತೆರೆಯಿತು. ಗುತ್ತಿಗೆದಾರ ತಲೆ ಕೆರೆದುಕೊಳ್ಳುತ್ತ ತನ್ನ ಯಂತ್ರವನ್ನು ಗಾಡಿಗೆ ಹೇರಿದ. ನಾನು ಮಾತ್ರ ಟ್ಯಾಂಕರಿನ ನೀರನ್ನೇ ಡ್ರಮ್ಮಿನಲ್ಲಿ ತುಂಬಿಟ್ಟುಕೊಂಡೆ. ನೆಲಮಹಡಿಯ ಎಡಗಡೆಯ ಮನೆ ನನ್ನದು. ಮೆಟ್ಟಿಲಿಲ್ಲದವಳಿಗೆ ನಿಯಮ ಪಾಲಿಸುವುದು ಸುಲಭ.

ಮುಂದೆ ನಡೆದದ್ದನ್ನು ಹೊರಗಿನವರು ನಂಬುವುದಿಲ್ಲ. ಬಲಗಡೆಯ ಪೈಪಿನಿಂದ ನೀರು ಬರುವ ಮನೆಗಳಲ್ಲೆಲ್ಲ ನಲ್ಲಿ ತಿರುಗಿಸಿದೊಡನೆ ಹೊಸ ಬಣ್ಣಕ್ಕೆ ಹಳೆಯ ಮೀನು ಬೆರೆಸಿದಂಥ ವಾಸನೆ. ಆ ಮನೆಗಳವರಿಗೆಲ್ಲ ಬಂತು. ಆದರೆ ಒಬ್ಬರೂ ನೀರನ್ನು ಅನುಮಾನಿಸಲಿಲ್ಲ. ನೀರಿಗೆ ತೀರ್ಪಾಗಿಬಿಟ್ಟಿತ್ತಲ್ಲ. ಆದ್ದರಿಂದ ಪ್ರತಿಯೊಬ್ಬರೂ ತಮ್ಮ ತಮ್ಮ ಮೂಗನ್ನು ಅನುಮಾನಿಸಿದರು. ನನ್ನ ತಮ್ಮನ ಹೆಂಡತಿ ಪಾತ್ರೆಗಳನ್ನೆಲ್ಲ ಮತ್ತೆ ಮತ್ತೆ ತಿಕ್ಕಿ, ಕೊನೆಗೆ ನನ್ನ ಹತ್ತಿರ ಬಂದು, "ಅತ್ತಿಗೆ, ನಂಗೆ ವಯಸ್ಸಾಯ್ತು ಅನ್ಸುತ್ತೆ. ಇಲ್ಲದ ವಾಸನೆ ಬರ್ತಿದೆ. ಇವರಿಗೆ ಹೇಳಬೇಡಿ, ನಗ್ತಾರೆ," ಎಂದಳು.

ದರ್ಜಿ ಬೀದಿಯ ಕೊನೆಯಲ್ಲಿದ್ದ ಮೂಗಿನ ಡಾಕ್ಟರ ಬಳಿ ಹೋದ. ಅವನಿಗಿಂತ ಮೊದಲೇ ಅಧ್ಯಕ್ಷರು ಮಫ್ಲರಿನಲ್ಲಿ ಮುಖ ಮುಚ್ಚಿಕೊಂಡು ಅಲ್ಲಿ ಕೂತಿದ್ದರು. ಇಬ್ಬರೂ ಒಬ್ಬರನ್ನೊಬ್ಬರು ನೋಡಿ, ನೋಡದವರಂತೆ ಕೂತರು. ದರ್ಜಿ ಬುದ್ಧಿವಂತಿಕೆಯಿಂದ ತನ್ನ ಮನೆಯ ನೀರನ್ನು ಒಂದು ಬಾಟಲಿಯಲ್ಲಿ ತಂದಿದ್ದ.

"ನೋಡಿ ಡಾಕ್ಟರೇ, ಇದು ಶುದ್ಧವಾದ ನೀರು. ಪರೀಕ್ಷೆ ಆಗಿರೋದು. ಆದ್ರೂ ನಂಗೆ ವಾಸನೆ ಬರುತ್ತೆ. ಅಂದ್ರೆ ಮೂಗು ಎಷ್ಟು ಕೆಟ್ಟಿರಬೇಕು ನೀವೇ ಹೇಳಿ."

ಡಾಕ್ಟರು ಬಾಟಲಿಯ ಮುಚ್ಚಳ ತೆಗೆದರು. ತಲೆ ಹಿಂದಕ್ಕೆ ಎಳೆದುಕೊಂಡರು. "ನಂಗೂ ಬರ್ತಿದೆಯಲ್ಲಪ್ಪ."

ದರ್ಜಿ ಎದ್ದು ನಿಂತ. ಕುರ್ಚಿ ಹಿಂದಕ್ಕೆ ಬಿತ್ತು. "ಅಯ್ಯೋ ದೇವರೇ, ನಿಮಗೂ ಅಂಟ್ಕೊಳ್ತಾ?"

ಡಾಕ್ಟರು ಮಾತಾಡುವಷ್ಟರಲ್ಲಿ ಅವನು ಬೀದಿಯಲ್ಲಿದ್ದ, ಅವನ ಹಿಂದೆ ಅಧ್ಯಕ್ಷರ ಮಫ್ಲರು ಹಾರುತ್ತಿತ್ತು. ಮುಟ್ಟಿದ ಕೂಡಲೇ ಡಾಕ್ಟರಿಗೇ ಹತ್ತುವಂಥ ಮೂಗಿನ ರೋಗ ಕಟ್ಟಡಕ್ಕೆ ಬಂದಿದೆ ಎಂಬ ಸುದ್ದಿ ಅವರಿಗಿಂತ ಮೊದಲೇ ಮನೆ ಮುಟ್ಟಿತು. ಜನ ಮೂಗಿಗೆ ಬಟ್ಟೆ ಕಟ್ಟಿಕೊಂಡರು. ಒಬ್ಬರ ಬಾಗಿಲನ್ನು ಒಬ್ಬರು ಮೊಣಕೈಯಿಂದ ತಟ್ಟತೊಡಗಿದರು. ಅಧ್ಯಕ್ಷರು ಆರೋಗ್ಯಾಧಿಕಾರಿಗೆ ಫೋನು ಮಾಡಿದರು.

ಇಷ್ಟೂ ಹೊತ್ತು ಮೇಲಿನ ಮಹಡಿಯಲ್ಲಿ ನಡೆಯುತ್ತಿದ್ದದ್ದು ನಗುವ ವಿಷಯವಾಗಿರಲಿಲ್ಲ.

ಅಲ್ಲಿ ನನ್ನ ತಮ್ಮನ ಮಗಳ ಮನೆ. ಅವಳ ಗಂಡ ಕೆಲಸದ ಮೇಲೆ ಬೇರೆ ಕಡೆ ಇದ್ದ. ಅವಳ ಕೂಸು ದಿನ ತುಂಬುವ ಮೊದಲೇ ಹುಟ್ಟಿದ್ದು, ಅಂಗೈಯಲ್ಲಿ ಹಿಡಿಯುವಷ್ಟು ಮಗು. ತಾಯಿಯ ಹಾಲು ಸಾಲದೆ ಡಬ್ಬಿಯ ಹಾಲಿನ ಪುಡಿಯನ್ನು ನೀರಿನಲ್ಲಿ ಕಲಸಿ ಬಾಟಲಿಯಲ್ಲಿ ಕೊಡಬೇಕಿತ್ತು. ತೂಕ ಏರಲೇಬೇಕು, ಒಂದು ಹೊತ್ತೂ ತಪ್ಪಬಾರದು ಎಂದು ಆಸ್ಪತ್ರೆಯವರು ಹೇಳಿ ಕಳಿಸಿದ್ದರು. ಹೊಸ ನೀರು ಬಂದ ಮೊದಲ ದಿನವೇ ಅವಳು ಅಪ್ಪನನ್ನು ಕೇಳಿದ್ದಳು.

"ಅಪ್ಪ, ನೀರಿಗೆ ಏನೋ ವಾಸನೆ ಇದ್ದಂಗಿದೆ. ಕುದಿಸಿದ್ರೆ ಇನ್ನೂ ಜಾಸ್ತಿ."

"ನಾನು ನೋಡಿದ್ದೀನಲ್ಲ ಮಗಳೇ," ಎಂದಿದ್ದ ನನ್ನ ತಮ್ಮ. "ಧೈರ್ಯವಾಗಿ ಕುಡಿಸು."

ಕಟ್ಟಡದಲ್ಲಿ ನನ್ನ ತಮ್ಮನ ಮೂಗಿಗೆ ಮರ್ಯಾದೆ ಕೊಡದ ಜೀವ ಒಂದೇ ಇತ್ತು, ಅದು ಆ ಕೂಸು. ಬಾಟಲಿಯನ್ನು ಬಾಯಿಗಿಟ್ಟರೆ ಮುಖ ತಿರುಗಿಸುತ್ತಿತ್ತು. ಒಂದು ತೊಟ್ಟು ಹೋದರೆ ಉಗುಳಿ ಅಳುತ್ತಿತ್ತು. ಮೊದಲು ಜೋರಾಗಿ ಅತ್ತಿತು. ಮಾರನೆಯ ದಿನ ಮಧ್ಯಾಹ್ನದ ಹೊತ್ತಿಗೆ ಅಳು ಸಣ್ಣಗಾಯಿತು. ಅದು ಒಳ್ಳೆಯ ಲಕ್ಷಣವಲ್ಲ ಎಂದು ಮಕ್ಕಳನ್ನು ಕಂಡವರಿಗೆಲ್ಲ ಗೊತ್ತು.

ಆಗಲೇ ಆರೋಗ್ಯಾಧಿಕಾರಿ ಬಂದ. ಮುಖಕ್ಕೆ ದಪ್ಪ ಮಾಸ್ಕು, ಕೈಗೆ ಗವಸು. ಮೆಟ್ಟಿಲ ಮೇಲೆ ನಿಂತು ಎಲ್ಲರ ಮೂಗಿನೊಳಗೂ ಟಾರ್ಚು ಬಿಟ್ಟು ನೋಡಿದ.

"ಸೋಂಕು ಇದೆ," ಎಂದ. "ಭಯಪಡಬೇಡಿ. ದಿನಕ್ಕೆ ಮೂರು ಸಲ ಮೂಗನ್ನು ನಲ್ಲಿ ನೀರಿನಲ್ಲಿ ತೊಳೀರಿ. ಮತ್ತೆ ನೀರು ಚೆನ್ನಾಗಿ ಕುಡೀರಿ. ಎಷ್ಟು ಕುಡೀತೀರೋ ಅಷ್ಟು ಬೇಗ ವಾಸಿ."

ಜನ ಕುಡಿದರು. ಎದುರಿಗೇ ಕುಡಿದರು. ದರ್ಜಿ ಒಂದು ಚೊಂಬನ್ನು ಕಣ್ಣು ಮುಚ್ಚಿ ಮುಗಿಸಿ, "ರೋಗ ಜಾಸ್ತಿ ಆಗ್ತಾ ಇದೆ ಸಾರ್, ಈಗ ರುಚಿಯೂ ಬರ್ತಿದೆ," ಎಂದ.

"ಇನ್ನೊಂದು ಚೊಂಬು ಕುಡಿ," ಎಂದ ಅಧಿಕಾರಿ.

ಮೇಲೆ ಕೂಸಿನ ವಿಷಯ ತಿಳಿದಾಗ ಅವನ ಮುಖ ಗಂಭೀರವಾಯಿತು. "ಮಗುವಿಗೂ ಹತ್ತಿದೆಯಾ? ಹಾಗಾದ್ರೆ ಹಟ ಮಾಡೋಕೆ ಬಿಡಬೇಡಿ. ಮೂಗನ್ನು ಮೆಲ್ಲಗೆ ಹಿಡಿದು ಚಮಚದಲ್ಲಿ ಹಾಕಿ. ಸ್ವಲ್ಪ ಸ್ವಲ್ಪ, ಆದ್ರೆ ಬಿಡದೆ."

ಇದನ್ನು ನನ್ನ ತಮ್ಮ ಕೆಳಗಿನ ಮೆಟ್ಟಿಲ ಮೇಲೆ ನಿಂತು ಕೇಳಿದ. ಸ್ವಲ್ಪ ಹೊತ್ತಿನ ಮೇಲೆ ನನ್ನ ಅಡುಗೆಮನೆಯ ಬಾಗಿಲಿಗೆ ಬಂದ. ಕೈಯಲ್ಲಿ ಒಂದು ಲೋಟ ನೀರು.

"ಅಕ್ಕ, ಇದನ್ನು ಸ್ವಲ್ಪ ಮೂಸಿ ನೋಡೇ."

"ನೀನಿರುವಾಗ ನಾನ್ಯಾಕೋ ಮೂಸಲಿ?"

"ಮೂಸು ಅಂದೆನಲ್ಲ."

ಮೂಸಿದೆ. "ಥೂ, ಬಣ್ಣದ ಡಬ್ಬಿ ತೊಳೆದ ನೀರೇನೋ ಇದು? ಎಲ್ಲಿಂದ ತಂದೆ?"

ಅವನು ನನ್ನ ಮುಖವನ್ನೇ ನೋಡುತ್ತಿದ್ದ. "ನಲ್ಲಿಯಿಂದ," ಎಂದ. "ಅಕ್ಕ, ನಂಗೆ ಏನೂ ಬರಲ್ಲ ಕಣೇ. ಆ ಜ್ವರ ಬಂದು ಹೋದಾಗಿನಿಂದ ಏನೂ ಬರಲ್ಲ. ಕೂಸಿಗೆ ಇದನ್ನೇ ಹಾಕ್ತಾ ಇದ್ದಾರೆ. ನಾನೇ ಕುಡಿಸು ಅಂದಿದ್ದು."

ಬೈಯಲು ನನ್ನ ಬಾಯಲ್ಲಿ ಮಾತು ತುಂಬಿತ್ತು. ಆದರೆ ಬೈಯುವಷ್ಟು ಸಮಯವಿರಲಿಲ್ಲ. ಡ್ರಮ್ಮಿನಿಂದ ಟ್ಯಾಂಕರಿನ ನೀರನ್ನು ಒಂದು ಪಾತ್ರೆಗೆ ಬಗ್ಗಿಸಿಕೊಂಡು, "ನಡಿ ಮೇಲೆ," ಎಂದೆ.

ಅವನ ಮಂಡಿ ಹಿಡಿದಿತ್ತು, ನನ್ನದು ಅದಕ್ಕಿಂತ ಹಳೆಯ ಮಂಡಿ. ಗೋಡೆ ಹಿಡಿದು ಹತ್ತಿದೆವು. ಮೊದಲ ಮಹಡಿಯ ತಿರುವಿನಲ್ಲಿ ಜನ ತುಂಬಿದ್ದರು. ನಡುವೆ ಅಧಿಕಾರಿ. ನನ್ನ ತಮ್ಮನನ್ನು ಕಂಡು ಅಧ್ಯಕ್ಷರು, "ಇವರೇ ಸಾರ್," ಎಂದರು. "ಬಲಗಡೆ ಮನೆಗಳಲ್ಲೆಲ್ಲ ರೋಗ ಹತ್ತದೆ ಉಳಿದಿರೋದು ಇವರ ಮೂಗೊಂದೇ."

ಅಧಿಕಾರಿಯ ಕಣ್ಣು ಅರಳಿತು. "ಹೌದಾ? ಹಾಗಾದ್ರೆ ಇವರನ್ನು ಬಿಡಬೇಡಿ. ಇವರ ಮೂಗಿನ ಸ್ಯಾಂಪಲ್ ಬೇಕು. ಕೂತ್ಕೊಳ್ಳಿ ಸಾರ್, ತಲೆ ಹಿಂದಕ್ಕೆ ಮಾಡಿ."

"ದಾರಿ ಬಿಡ್ರಿ. ಮೇಲೆ ಹೋಗಬೇಕು."

"ಎರಡೇ ನಿಮಿಷ."

"ನನ್ನ ಮೂಗು ಸತ್ತಿದೆ ಕಣ್ರಿ," ಎಂದ ನನ್ನ ತಮ್ಮ. "ನಿಮ್ಮೆಲ್ಲರ ಮೂಗೂ ಸರಿ ಇದೆ. ನೀರೇ ಕೆಟ್ಟಿದೆ. ಯಾರೂ ಕುಡೀಬೇಡಿ."

ಅಧ್ಯಕ್ಷರು ತಲೆಯಾಡಿಸಿದರು. "ನೋಡಿ ಸಾರ್ ಎಂಥ ದೊಡ್ಡ ಮನುಷ್ಯ. ನಮ್ಮೆಲ್ಲರ ಮೂಗು ಹೋಗಿದೆ ಅಂತ ನಮಗೆ ಬೇಜಾರಾಗಬಾರದು ಅಂತ ಹೀಗಂತಾರೆ."

"ಇಲ್ಲ, ಇವರಿಗೂ ಹತ್ತಿತು ಅನ್ಸುತ್ತೆ," ಎಂದ ದರ್ಜಿ. "ಇವರದ್ದು ತಲೆಗೆ ಏರಿದೆ."

"ಸ್ವಲ್ಪ ನೀರು ಕುಡಿಸಿ," ಎಂದ ಅಧಿಕಾರಿ.

ಯಾರೋ ಲೋಟ ಹಿಡಿದರು. ಇಬ್ಬರು ಭುಜ ಹಿಡಿದರು. ಮೇಲಿನಿಂದ ಕೂಸಿನ ಸಣ್ಣ ಅಳು ಕೇಳುತ್ತಿತ್ತು, ನಡುನಡುವೆ ನಿಲ್ಲುತ್ತಿತ್ತು. ಪ್ರತಿ ಸಲ ನಿಂತಾಗಲೂ ಚಮಚ ಒಳಗೆ ಹೋಯಿತೆಂದೇ ಅರ್ಥ. ನನ್ನ ತಮ್ಮ ಸುತ್ತ ನೋಡಿದ. ಮೆಟ್ಟಿಲ ಮೂಲೆಯಲ್ಲಿ ಗುಡಿಸುವವಳ ಫಿನಾಯಿಲ್ ಡಬ್ಬಿ ಇತ್ತು. ಕೊಸರಿಕೊಂಡು ಹೋಗಿ, ಮುಚ್ಚಳ ಕಿತ್ತು, ಡಬ್ಬಿಯ ಬಾಯಿಗೆ ಮೂಗನ್ನಿಟ್ಟು ಗುಲಾಬಿಯನ್ನು ಮೂಸುವವನ ಹಾಗೆ ಎದೆ ತುಂಬ ಉಸಿರೆಳೆದ.

ನಾವೆಲ್ಲ ಅಷ್ಟು ದೂರದಲ್ಲೇ ಕೆಮ್ಮಿದೆವು. ಅಧ್ಯಕ್ಷರು ಕಂಬಿ ಹಿಡಿದುಕೊಂಡರು. ನನ್ನ ತಮ್ಮನ ಕಣ್ಣಿನಿಂದ ನೀರು ಸುರಿಯಿತು, ಮುಖದಲ್ಲಿ ಒಂದು ಗೆರೆಯೂ ಕದಲಲಿಲ್ಲ. ಮತ್ತೆ ಎಳೆದ.

"ಮಲ್ಲಿಗೆ ವಾಸನೆ ಅಂದ್ರೆ ನಂಬ್ತೀರಾ?" ಎಂದು ಕೇಳಿದ. "ನಂಬ್ತೀರಿ. ಅದೇ ಆಗಿರೋದು."

ದರ್ಜಿ ಕೈಯಲ್ಲಿದ್ದ ಚೊಂಬನ್ನು ನಿಧಾನವಾಗಿ ಮೂಗಿನ ಬಳಿ ತಂದು, ಮೊದಲ ಸಲ ಎಲ್ಲರೆದುರು ಮೂಸಿದ. "ನಾರ್ತಾ ಇದೆ," ಎಂದ. ಅದನ್ನು ಹೇಳುವಾಗ ಅವನ ಮುಖದಲ್ಲಿ ಎಂಥ ನೆಮ್ಮದಿ. ಅವನ ಮೂಗು ಅವನಿಗೆ ವಾಪಸು ಸಿಕ್ಕಿತ್ತು. ಆಮೇಲೆ ಹೊಟ್ಟೆ ನೆನಪಾಗಿ ಮುಖ ಬಿಳಿಚಿಕೊಂಡಿತು. "ನಾನು ಎರಡು ಚೊಂಬು ಕುಡಿದೆನಲ್ಲ ಸಾರ್," ಎಂದು ಅಧಿಕಾರಿಯ ಕಡೆ ತಿರುಗಿದ. ಜನವೆಲ್ಲ ಅಧಿಕಾರಿಯ ಕಡೆ ತಿರುಗಿತು. ನಮಗೆ ದಾರಿ ಸಿಕ್ಕಿತು.

ಮೇಲೆ ಬಾಗಿಲು ತೆರೆದೇ ಇತ್ತು. ಕಿಟಕಿಯ ಬಳಿ ನನ್ನ ತಮ್ಮನ ಮಗಳು ಕೂಸನ್ನು ತೊಡೆಯ ಮೇಲೆ ಮಲಗಿಸಿಕೊಂಡಿದ್ದಳು. ಅವಳ ತಾಯಿ ಒಂದು ಕೈಯಿಂದ ಕೂಸಿನ ಮೂಗು ಹಿಡಿದು, ಇನ್ನೊಂದು ಕೈಯಲ್ಲಿ ಚಮಚ ಎತ್ತಿದ್ದಳು. ಉಸಿರಿಗಾಗಿ ಕೂಸಿನ ಬಾಯಿ ತೆರೆದಿತ್ತು. ನನ್ನ ತಮ್ಮನಿಗೆ ಏದುಸಿರಿನಿಂದ ಮಾತೇ ಹೊರಡಲಿಲ್ಲ. ಹೋಗಿ ಆ ಚಮಚವನ್ನು ಹಿಡಿದು ತನ್ನ ಬಾಯಿಗೇ ಹಾಕಿಕೊಂಡ.

"ಅಪ್ಪ, ಏನು ಮಾಡ್ತಿದ್ದೀರಿ? ಎಷ್ಟು ಕಷ್ಟಪಟ್ಟು ಬಾಯಿ ತೆಗೆಸಿದ್ವಿ."

"ಬೇಡ."

"ನೀರು ಚೆನ್ನಾಗಿದೆ ಅಂತ ನೀವೇ ಅಂದ್ರಲ್ಲ."

"ಸುಳ್ಳು ಹೇಳಿದೆ ಮಗಳೇ," ಎಂದ. "ಆ ಜ್ವರ ಬಂದಾಗಿನಿಂದ ನಂಗೆ ವಾಸನೆಯೇ ಬರಲ್ಲ. ನಂಗೆ ಗೊತ್ತಾಗಲಿಲ್ಲ. ಗೊತ್ತಾಗಲಿಲ್ಲ ಅನ್ನೋಕೆ ಬಾಯಿ ಬರಲಿಲ್ಲ."

ಅವಳು ಅಪ್ಪನನ್ನು ನೋಡಿದಳು. ಆ ನೋಟವನ್ನು ಅವನು ತಲೆ ತಗ್ಗಿಸದೆ ಪಡೆದುಕೊಂಡ. ನಾನು ಬಾಟಲಿಯನ್ನು ಟ್ಯಾಂಕರಿನ ನೀರಿನಲ್ಲಿ ತೊಳೆದೆ, ನೀರು ಕಾಯಿಸಿದೆ, ಆರಿಸಿದೆ, ಪುಡಿ ಕಲಸಿದೆ. ಅಷ್ಟು ಹೊತ್ತೂ ಕೂಸು ಅಳಲಿಲ್ಲ, ಅದೇ ನಮ್ಮೆಲ್ಲರ ಹೆದರಿಕೆ. ನೀರು ಆರುವವರೆಗೆ ನಾನು ದೇವರನ್ನು ಕರೆದಷ್ಟು ಎಂದೂ ಕರೆದಿಲ್ಲ. ಬಾಟಲಿಯನ್ನು ತುಟಿಗೆ ತಾಗಿಸಿದಳು. ಕೂಸು ಮುಖ ತಿರುಗಿಸಿತು. ಮತ್ತೆ ತಾಗಿಸಿದಳು. ತುಟಿ ಅಲುಗಿತು, ನಿಂತಿತು. ಆಮೇಲೆ ಎಳೆಯತೊಡಗಿತು. ಗುಟುಕು ಗುಟುಕಾಗಿ, ಗಂಟಲಿನಲ್ಲಿ ಸದ್ದು ಮಾಡುತ್ತ, ಕಣ್ಣು ಮುಚ್ಚಿ, ಬಾಟಲಿಯ ತಳ ಕಾಣುವವರೆಗೆ.

ನನ್ನ ತಮ್ಮನ ಹೆಂಡತಿ ಚಮಚವನ್ನು ಕೆಳಗಿಟ್ಟು ಗಂಡನ ಕಡೆ ತಿರುಗಿದಳು. "ಎರಡು ವರ್ಷದಿಂದ ನನ್ನ ಅಡುಗೆ ಘಮ ಘಮ ಅಂತಿದ್ರಲ್ಲ, ಅದು?"

"ನಿನ್ನ ಮುಖ ನೋಡಿ ಹೇಳ್ತಿದ್ದೆ," ಎಂದ ಬಡಪಾಯಿ.

ಅಷ್ಟರಲ್ಲಿ ಮೂಗಿನ ಡಾಕ್ಟರು ದರ್ಜಿಯ ಬಾಟಲಿಯನ್ನು ಹಿಡಿದುಕೊಂಡು ಮೆಟ್ಟಿಲು ಹತ್ತಿ ಬಂದರು. ಜೊತೆಗೆ ನೀರಿನ ಇಲಾಖೆಯ ಆ ಹುಡುಗಿ. ಅವಳಿಗೆ ಸುದ್ದಿ ಕೊಟ್ಟವರು ಅವರೇ. ಡಾಕ್ಟರು ಕೂಸನ್ನು ನೋಡಿ, "ಉಗುಳಿದ್ದೇ ಒಳ್ಳೇದಾಯ್ತು. ಹೊಟ್ಟೆಗೆ ಹೋಗಿರೋದು ತೀರಾ ಕಡಿಮೆ. ಆದ್ರೂ ಆಸ್ಪತ್ರೆಗೆ ಒಮ್ಮೆ ತೋರಿಸಿಬಿಡಿ," ಎಂದರು. ತೋರಿಸಿದರು. ಕೂಸಿಗೆ ಏನೂ ಆಗಿರಲಿಲ್ಲ. ದೇವರು ದೊಡ್ಡವನು.

ಹುಡುಗಿ ಪಂಪಿನ ಕೋಣೆಗೆ ಹೋಗಿ ವಾಲ್ವನ್ನು ಮುಚ್ಚಿಸಿದಳು. ಮುಂಬಾಗಿಲಿನಲ್ಲಿ ಅಧ್ಯಕ್ಷರ ಹಾಳೆಯನ್ನು ಎತ್ತಿ, ಅದರ ಕೆಳಗಿನ ತನ್ನ ಹಾಳೆಯನ್ನು ತೋರಿಸಿದಳು. ಬೈಯಲಿಲ್ಲ. ಅಧ್ಯಕ್ಷರು ಹೋಂವರ್ಕ್ ಮಾಡದ ಹುಡುಗನ ಹಾಗೆ ಕೈಕಟ್ಟಿ ನಿಂತರು.

ಬಂದ ರಿಪೋರ್ಟೂ ಅದನ್ನೇ ಹೇಳಿತು. ಎಡಗಡೆಯ ಪೈಪು ಸರಿ. ಬಲಗಡೆಯದರಲ್ಲಿ ಅಂಟು ಪೂರ್ತಿ ಗಟ್ಟಿಯಾಗದೆ ಅದರ ಅಂಶ ನೀರಿಗೆ ಬಿಡುತ್ತಿತ್ತು. ಗುತ್ತಿಗೆದಾರ ಅದನ್ನೆಲ್ಲ ಕೆರೆದು ತೆಗೆದು ಮತ್ತೆ ಲೇಪ ಕೊಟ್ಟ. ಈ ಸಲ ಕರೆಂಟು ಹೋದರೂ ನಿಲ್ಲದ ಹಾಗೆ ಜನರೇಟರನ್ನು ತಂದಿಟ್ಟ. ಬಿಸಿಗಾಳಿ ನಿಲ್ಲಿಸಿದ ಮೇಲೆ ನೀರನ್ನು ಹರಿಸಿ ಹರಿಸಿ ಚರಂಡಿಗೆ ಬಿಟ್ಟರು. ನಾವು ಮತ್ತೆ ಬಕೆಟ್ ಹೊತ್ತೆವು. ಮೇಲಿನ ಮಹಡಿಯ ಕೂಸಿಗೆ ಬೇಕಾದ ನೀರನ್ನು ನನ್ನ ತಮ್ಮ ತಾನೇ ಹೊತ್ತ, ಬೇರೆಯವರ ಕೈಗೆ ಕೊಡಲಿಲ್ಲ. ಪ್ರತಿ ತಿರುವಿನಲ್ಲೂ ಬಿಂದಿಗೆ ಇಳಿಸಿ, ಮಂಡಿ ನೀವಿಕೊಂಡು, ಮತ್ತೆ ಎತ್ತುತ್ತಿದ್ದ. ದರ್ಜಿ ಬಾಗಿಲಲ್ಲಿ ನಿಂತು, "ಮಾವ, ಈ ನೀರು ಹೇಗಿದೆ?" ಎಂದು ಚುಚ್ಚುತ್ತಿದ್ದ. ನನ್ನ ತಮ್ಮ, "ಭಾರವಾಗಿದೆ," ಎನ್ನುತ್ತಿದ್ದ.

ಹೊಸ ಲೇಪ ಒಣಗಿದ ಮೇಲೆ ಮತ್ತೆ ಸಭೆ ಸೇರಿತು. ಪರೀಕ್ಷಕಿ ನೀರು ಹಿಡಿದುಕೊಂಡು ಹೋಗಿದ್ದಳು, ರಿಪೋರ್ಟು ಬಂದಿರಲಿಲ್ಲ. ನಲ್ಲಿಯ ನೀರು ಕನ್ನಡಿಯ ಹಾಗಿತ್ತು. ಈ ಸಲ ಎಲ್ಲರೂ ತಾವೇ ಮೂಸಿದರು, ಯಾರಿಗೂ ವಾಸನೆ ಬರಲಿಲ್ಲ. ಅಭ್ಯಾಸಬಲ ಎಂಥದು ನೋಡಿ, ಅಧ್ಯಕ್ಷರು ಒಂದು ಲೋಟ ಹಿಡಿದು, ತೋಳು ಚಾಚಿ, ಎರಡೂ ಕೈಯಲ್ಲಿ ನನ್ನ ತಮ್ಮನ ಮುಂದೆ ಒಡ್ಡಿದರು. ಸುತ್ತ ಅಷ್ಟೂ ಮುಖಗಳು ಮತ್ತೆ ಆಸೆಯಿಂದ ಅರಳಿದ್ದವು. ಸತ್ತ ಮೂಗೆಂದು ಗೊತ್ತಿದ್ದೂ ಆ ಒಂದು ಮಾತು ಅವರಿಗೆ ಬೇಕಿತ್ತು.

ನನ್ನ ತಮ್ಮ ಲೋಟವನ್ನು ತೆಗೆದುಕೊಂಡ. ಬಹಳ ಹೊತ್ತು ಹಿಡಿದುಕೊಂಡು ನಿಂತ. ಆಮೇಲೆ ಮೋರಿಗೆ ಚೆಲ್ಲಿ ಖಾಲಿ ಲೋಟವನ್ನು ಅಧ್ಯಕ್ಷರ ಕೈಗೆ ಕೊಟ್ಟ.

"ನಂಗೆ ಗೊತ್ತಿಲ್ಲ," ಎಂದ. "ಆ ಹುಡುಗಿ ಬರಲಿ."

ಬಕೆಟ್ ಎತ್ತಿಕೊಂಡು ಟ್ಯಾಂಕರಿನ ಕಡೆ ನಡೆದ. ಗೊಣಗುತ್ತಲೇ ಎಲ್ಲರೂ ಹಿಂದೆ ನಡೆದರು.

ಭಗವಂತ, ನನಗಿಂತ ಚಿಕ್ಕವನನ್ನು ನನಗಿಂತ ಮೊದಲು ಕರೆದುಕೊಂಡೆ. ನಿನ್ನ ಲೆಕ್ಕವನ್ನು ನಾನು ಪ್ರಶ್ನಿಸುವುದಿಲ್ಲ. ಅವನು ಒಮ್ಮೆ ಗೊತ್ತೆಂದು ಹೇಳಿ ಎಲ್ಲರನ್ನೂ ಅಪಾಯಕ್ಕೆ ತಂದ, ಒಮ್ಮೆ ಗೊತ್ತಿಲ್ಲವೆಂದು ಹೇಳಿ ಎಲ್ಲರನ್ನೂ ಕಾಯಿಸಿದ. ಎರಡನೆಯದನ್ನು ಅವನ ಹೆಸರಿಗೆ ಬರೆದುಕೊ. ನಿನ್ನ ಸನ್ನಿಧಿಯಲ್ಲಿ ಹೂವಿರುತ್ತದೆ ಎನ್ನುತ್ತಾರೆ. ಅವುಗಳ ಪರಿಮಳ ಅವನಿಗೆ ತಾಗಲಿ. ಅದಕ್ಕಾಗಿ ಅವನು ಇನ್ನು ಯಾರ ಮುಖವನ್ನೂ ನೋಡಬೇಕಾಗದಿರಲಿ. ದಣಿದ ಮಂಡಿಗೆ ವಿಶ್ರಾಂತಿ ಕೊಡು, ಆ ಜೀವಕ್ಕೆ ಶಾಂತಿ ಕೊಡು.